ಸ್ಕ್ಲೊಡೊವ್ಸ್ಕಿ (ಕುಲನಾಮ)

ಸ್ಕ್ಲೊಡೊವ್ಸ್ಕಿ ಎಂಬುದು ಪೋಲಿಷ್ ಭಾಷೆಯ ಒಂದು ವಿರಳವಾದ ಕುಲನಾಮ (ಅಡ್ಡಹೆಸರು). ಇದರ ಸ್ತ್ರೀಲಿಂಗ ರೂಪ ಸ್ಕ್ಲೊಡೊವ್ಸ್ಕಾ. ಪೋಲೆಂಡಿನ ಮಾಜೊವಿಯಾ ಪ್ರಾಂತ್ಯದ 'ಸ್ಕ್ಲೊಡಿ' ಎಂಬ ಊರಿನ ಹೆಸರಿನಿಂದ ಇದು ಹುಟ್ಟಿದೆ. ಎರಡು ಬಾರಿ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಮೇರಿ ಕ್ಯೂರಿಯವರ ತವರುಮನೆಯ ಹೆಸರು ಇದೇ ಆಗಿರುವುದರಿಂದ ಪೋಲೆಂಡಿನ ಹೊರಗೂ ಪರಿಚಿತವಾಗಿದೆ. ಅವರ ಪೋಲಿಷ್ ಹೆಸರು ಮಾರಿಯಾ ಸ್ಕ್ಲೊಡೊವ್ಸ್ಕಾ-ಕ್ಯೂರಿ.

ವ್ಯುತ್ಪತ್ತಿ ಮತ್ತು ಅರ್ಥ

ಪೋಲಿಷ್ ಭಾಷೆಯಲ್ಲಿ '-ಸ್ಕಿ' ಎಂಬುದು ನಾಮಪದದಿಂದ ಗುಣವಾಚಕವನ್ನು ಉಂಟುಮಾಡುವ ಪ್ರತ್ಯಯ. ಊರಿನ ಹೆಸರಿಗೆ ಇದು ಸೇರಿದಾಗ 'ಆ ಊರಿನ', 'ಆ ಊರಿಗೆ ಸೇರಿದ' ಎಂಬ ಅರ್ಥ ಬರುತ್ತದೆ. ಅದರಂತೆ ಸ್ಕ್ಲೊಡೊವ್ಸ್ಕಿ ಎಂದರೆ 'ಸ್ಕ್ಲೊಡಿ ಊರಿನವನು' ಎಂದರ್ಥ. ಊರಿನ ಹೆಸರಿನ ಕೊನೆಯ ಸ್ವರವು ಲೋಪವಾಗಿ, ಪ್ರಕೃತಿಗೂ ಪ್ರತ್ಯಯಕ್ಕೂ ನಡುವೆ '-ಒವ್-' ಎಂಬ ಅಂಶವು ಸೇರಿಕೊಂಡಿದೆ.

ಸ್ಕ್ಲೊಡಿ ಎಂಬ ಹೆಸರಿನ ಹಳ್ಳಿಗಳ ಗುಂಪು ವಾರ್ಸಾ ನಗರದ ಈಶಾನ್ಯಕ್ಕೆ, ಓಸ್ತ್ರುಫ್ ಮಾಜೊವ್ಯೆತ್ಸ್ಕಾ ಜಿಲ್ಲೆಯಲ್ಲಿದೆ. ಸ್ಕ್ಲೊಡಿ ಬೊರೊವೆ, ಸ್ಕ್ಲೊಡಿ ಶ್ರೆದ್ನ್ಯೆ, ಸ್ಕ್ಲೊಡಿ-ಸ್ತಾಖಿ ಮುಂತಾದವು ಈ ಗುಂಪಿಗೆ ಸೇರಿವೆ. ಎರಡನೆಯ ಪದವು ಒಂದು ಹಳ್ಳಿಯನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ: 'ಬೊರೊವೆ' ಎಂದರೆ ಕಾಡಿನ ಕಡೆಯದು, 'ಶ್ರೆದ್ನ್ಯೆ' ಎಂದರೆ ನಡುವಿನದು. ಮಾಜೊವಿಯಾದಲ್ಲಿ ಸಣ್ಣ ಹಿಡುವಳಿಗಳ ಕುಲೀನ ಕುಟುಂಬಗಳು ಬಹಳವಾಗಿದ್ದವು. ಒಂದೇ ಮೂಲದ ಭೂಮಿ ತಲೆಮಾರುಗಳಲ್ಲಿ ಹಂಚಿಹೋದಂತೆ ಒಂದೇ ಹೆಸರಿನ ಹಲವು ಹಳ್ಳಿಗಳು ಅಕ್ಕಪಕ್ಕದಲ್ಲಿ ಉಂಟಾಗುವುದು ಅಲ್ಲಿ ಸಾಮಾನ್ಯವಾಗಿತ್ತು.

ಇತಿಹಾಸ

ಊರಿನ ಹೆಸರಿಗೆ '-ಸ್ಕಿ' ಸೇರಿಸಿಕೊಳ್ಳುವ ರೂಢಿ ಮೊದಲಿಗೆ ಪೋಲೆಂಡಿನ ಕುಲೀನ ವರ್ಗದಲ್ಲಿ ಬೆಳೆಯಿತು. ಆರಂಭದಲ್ಲಿ ಅದು ಒಬ್ಬ ವ್ಯಕ್ತಿಯ ಜಮೀನು ಎಲ್ಲಿದೆ ಎಂಬುದನ್ನಷ್ಟೇ ಸೂಚಿಸುತ್ತಿತ್ತು; ಕಾಲಕ್ರಮದಲ್ಲಿ ತಂದೆಯಿಂದ ಮಕ್ಕಳಿಗೆ ಬರುವ ಸ್ಥಿರ ಕುಲನಾಮವಾಯಿತು. ರೈತರಲ್ಲಿ ಸ್ಥಿರ ಕುಲನಾಮಗಳು ಇದಕ್ಕಿಂತ ಬಹಳ ತಡವಾಗಿ ನೆಲೆಗೊಂಡವು.

ಸ್ಕ್ಲೊಡೊವ್ಸ್ಕಿ ಕುಟುಂಬವು 'ದೊವೆಂಗಾ' ಎಂಬ ಕುಲಲಾಂಛನಕ್ಕೆ ಸೇರಿತ್ತು. ನೀಲಿ ಹಿನ್ನೆಲೆಯಲ್ಲಿ ಬೆಳ್ಳಿಯ ಕುದುರೆ ಲಾಳ, ಅದರ ಮೇಲೆ ಶಿಲುಬೆ ಹಾಗೂ ಲಾಳದ ನಡುವೆ ಕೆಳಮುಖವಾದ ಬಾಣ ಈ ಲಾಂಛನದ ಗುರುತು. ಪೋಲೆಂಡಿನಲ್ಲಿ ಒಂದೇ ಲಾಂಛನವನ್ನು ಬೇರೆ ಬೇರೆ ಕುಲನಾಮಗಳ ಅನೇಕ ಕುಟುಂಬಗಳು ಹಂಚಿಕೊಳ್ಳುತ್ತಿದ್ದುದರಿಂದ, ಲಾಂಛನ ಒಂದೇ ಎಂಬ ಕಾರಣಕ್ಕೆ ರಕ್ತಸಂಬಂಧವಿದೆ ಎಂದು ಹೇಳಲಾಗದು. 19ನೇ ಶತಮಾನದ ಹೊತ್ತಿಗೆ ಈ ಮನೆತನದ ಪ್ರಸಿದ್ಧ ಶಾಖೆಯು ಜಮೀನನ್ನು ಬಿಟ್ಟು ಅಧ್ಯಾಪನವನ್ನು ಜೀವನೋಪಾಯವಾಗಿಸಿಕೊಂಡಿತ್ತು.

ಲಿಂಗ ಮತ್ತು ವಚನ ರೂಪಗಳು

'-ಸ್ಕಿ' ಎಂದು ಕೊನೆಗೊಳ್ಳುವ ಕುಲನಾಮಗಳು ವ್ಯಾಕರಣದ ದೃಷ್ಟಿಯಿಂದ ಗುಣವಾಚಕಗಳು. ಆದ್ದರಿಂದ ಅವು ಲಿಂಗ, ವಚನ ಮತ್ತು ವಿಭಕ್ತಿಗಳಿಗೆ ಅನುಗುಣವಾಗಿ ಬದಲಾಗುತ್ತವೆ.

• ಸ್ಕ್ಲೊಡೊವ್ಸ್ಕಿ: ಪುರುಷ
• ಸ್ಕ್ಲೊಡೊವ್ಸ್ಕಾ: ಸ್ತ್ರೀ (ಪತ್ನಿ, ಮಗಳು ಇಬ್ಬರಿಗೂ ಒಂದೇ ರೂಪ)
• ಸ್ಕ್ಲೊಡೊವ್ಸ್ತ್ಸಿ: ಪುರುಷರು, ದಂಪತಿ ಅಥವಾ ಇಡೀ ಕುಟುಂಬ
• ಸ್ಕ್ಲೊಡೊವ್ಸ್ಕಿಯೆ: ಸ್ತ್ರೀಯರು ಮಾತ್ರ

ಪೋಲೆಂಡಿನ ರಸ್ತೆ, ಶಾಲೆ, ಆಸ್ಪತ್ರೆಗಳ ಫಲಕಗಳಲ್ಲಿ 'ಸ್ಕ್ಲೊಡೊವ್ಸ್ಕಿಯೆಯ್' ಎಂದು ಕಾಣುವುದು ಬೇರೆ ಕುಲನಾಮವಲ್ಲ. ಅದು ಸ್ತ್ರೀಲಿಂಗದ ಷಷ್ಠೀ ವಿಭಕ್ತಿ ರೂಪ, 'ಸ್ಕ್ಲೊಡೊವ್ಸ್ಕಾ ಅವರ' ಎಂದು ಅದರ ಅರ್ಥ.

ಉಚ್ಚಾರಣೆ ಮತ್ತು ಕನ್ನಡ ಬರಹ

ಮೂಲ ಬರಹದಲ್ಲಿ ಈ ಹೆಸರಿನ ಮೂರನೆಯ ಅಕ್ಷರವು ಅಡ್ಡಗೆರೆಯುಳ್ಳ 'ಎಲ್'. ಇಂದಿನ ಪೋಲಿಷ್ ಭಾಷೆಯಲ್ಲಿ ಇದರ ಧ್ವನಿ 'ಲ' ಅಲ್ಲ, ತುಟಿಗಳನ್ನು ದುಂಡಾಗಿಸಿ ಉಚ್ಚರಿಸುವ 'ವ'. ಮುಂದೆ ಬರುವ 'ವ್' ಧ್ವನಿಯು 'ಸ್'ನ ಸಾಮೀಪ್ಯದಿಂದ 'ಫ್' ಆಗುತ್ತದೆ. ಹೀಗಾಗಿ ನಿಜವಾದ ಉಚ್ಚಾರಣೆ 'ಸ್ಕ್ವೊಡೊಫ್ಸ್ಕಿ', 'ಸ್ಕ್ವೊಡೊಫ್ಸ್ಕಾ' ಎಂಬುದಕ್ಕೆ ಹತ್ತಿರವಾಗಿದೆ. ಒತ್ತು ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ ಬೀಳುತ್ತದೆ. ಫ್ರೆಂಚ್ ಮತ್ತು ಇಂಗ್ಲಿಷ್ ಮುದ್ರಣದಲ್ಲಿ ಅಕ್ಷರದ ಅಡ್ಡಗೆರೆ ಬಿಟ್ಟುಹೋಗುವುದು ಸಾಮಾನ್ಯವಾದ್ದರಿಂದ 'ಲ'ಕಾರದ ಓದು ಹರಡಿತು. ಕನ್ನಡದಲ್ಲಿ ಕಂಡುಬರುವ 'ಸ್ಕ್ಲೊಡೊವ್ಸ್ಕಾ' ಎಂಬ ರೂಪವೂ ಅಕ್ಷರಗಳನ್ನು ಅನುಸರಿಸಿದ್ದೇ ಹೊರತು ಪೋಲಿಷ್ ಉಚ್ಚಾರಣೆಯನ್ನಲ್ಲ.

ವಿರಳತೆಗೆ ಕಾರಣ

ಪೋಲೆಂಡಿನಲ್ಲಿ ಅತಿ ಹೆಚ್ಚು ಜನರಿಗಿರುವ ಕುಲನಾಮ 'ನೊವಾಕ್'. ಇದರ ಅರ್ಥ 'ಹೊಸದಾಗಿ ಬಂದವನು'. ಇನ್ನೊಂದು ಪ್ರಸಿದ್ಧ ಕುಲನಾಮವಾದ 'ಕೊವಾಲ್ಸ್ಕಿ'ಯು ಕಮ್ಮಾರ ಎಂಬರ್ಥದ 'ಕೊವಾಲ್' ಪದದಿಂದ ಬಂದಿದೆ. ಹೊಸಬರೂ ಕಮ್ಮಾರರೂ ಎಲ್ಲ ಊರುಗಳಲ್ಲಿ ಇದ್ದುದರಿಂದ ಇಂತಹ ಹೆಸರುಗಳು ಪರಸ್ಪರ ಸಂಬಂಧವಿಲ್ಲದ ಅನೇಕ ಕುಟುಂಬಗಳಲ್ಲಿ ಹುಟ್ಟಿದವು.

ಸ್ಥಳನಾಮದಿಂದ ಬಂದ ಕುಲನಾಮಗಳೆಲ್ಲವೂ ವಿರಳವಲ್ಲ. 'ವಿಷ್ನ್ಯೆವ್ಸ್ಕಿ' ಎಂಬುದೂ ಊರಿನಿಂದ ಬಂದ ಹೆಸರೇ; ಆದರೆ ಚೆರ್ರಿ ಮರದ ಹೆಸರನ್ನು ಹೊತ್ತ 'ವಿಷ್ನ್ಯೆವೊ'ದಂತಹ ಊರುಗಳು ದೇಶದ ಹಲವೆಡೆ ಇರುವುದರಿಂದ ಅದು ವ್ಯಾಪಕವಾಗಿದೆ. ಸ್ಕ್ಲೊಡೊವ್ಸ್ಕಿಯಾದರೋ ಒಂದೇ ಪ್ರದೇಶದ ಸಣ್ಣ ಹಳ್ಳಿಗಳ ಗುಂಪಿಗೆ ಅಂಟಿಕೊಂಡ ಹೆಸರು.

ಮದುವೆಯ ನಂತರ ಸ್ತ್ರೀಯರು ಗಂಡನ ಕುಲನಾಮವನ್ನು ಪಡೆಯುವ ರೂಢಿಯಿಂದಲೂ ವಿರಳ ಹೆಸರುಗಳು ಇನ್ನಷ್ಟು ಕುಗ್ಗುತ್ತವೆ. ವ್ಲಾದಿಸ್ಲಾವ್ ಸ್ಕ್ಲೊಡೊವ್ಸ್ಕಿಯವರ ಐವರು ಮಕ್ಕಳಲ್ಲಿ ಹಿರಿಯಳಾದ ಜೋಫಿಯಾ ಬಾಲ್ಯದಲ್ಲೇ ತೀರಿಕೊಂಡರು. ಬ್ರೊನಿಸ್ಲಾವಾ ಮದುವೆಯ ನಂತರ 'ದ್ಲುಸ್ಕಾ' ಆದರು, ಹೆಲೆನಾ 'ಶಾಲಾಯ್' ಆದರು. ರೂಢಿಯಂತೆ ಹೆಸರನ್ನು ಮುಂದುವರಿಸುವವರು ಏಕೈಕ ಪುತ್ರ ಯೂಜೆಫ್ ಮಾತ್ರ. ಆದರೆ ಈ ಹೆಸರನ್ನು ಜಗತ್ತಿಗೆ ಪರಿಚಯಿಸಿದವರು ಕಿರಿಯ ಮಗಳು ಮಾರಿಯಾ.

ಮೇರಿ ಕ್ಯೂರಿ ಮತ್ತು ಕುಲನಾಮದ ಪ್ರಸಿದ್ಧಿ

ಮಾರಿಯಾ 1867ರ ನವೆಂಬರ್ 7ರಂದು ವಾರ್ಸಾದಲ್ಲಿ ಜನಿಸಿದರು. ಆಗ ಪೋಲೆಂಡ್ ಸ್ವತಂತ್ರ ರಾಷ್ಟ್ರವಾಗಿರಲಿಲ್ಲ; ವಾರ್ಸಾ ರಷ್ಯಾ ಸಾಮ್ರಾಜ್ಯದ ಆಳ್ವಿಕೆಯಲ್ಲಿತ್ತು. 1891ರಲ್ಲಿ ಪ್ಯಾರಿಸಿಗೆ ತೆರಳಿದ ಅವರು ಅಲ್ಲಿ 'ಮೇರಿ' ಎಂಬ ಫ್ರೆಂಚ್ ರೂಪವನ್ನು ಬಳಸತೊಡಗಿದರು. 1895ರಲ್ಲಿ ಪಿಯರ್ ಕ್ಯೂರಿಯವರನ್ನು ವಿವಾಹವಾದರೂ ತವರಿನ ಕುಲನಾಮವನ್ನು ಬಿಡಲಿಲ್ಲ. ಯುರೇನಿಯಂ ಮತ್ತು ಥೋರಿಯಂ ಸಂಯುಕ್ತಗಳ ವಿಕಿರಣವನ್ನು ಕುರಿತ 1898ರ ಅವರ ಲೇಖನವೂ 1903ರ ಡಾಕ್ಟರೇಟ್ ಪ್ರಬಂಧವೂ 'ಶ್ರೀಮತಿ ಸ್ಕ್ಲೊಡೊವ್ಸ್ಕಾ ಕ್ಯೂರಿ' ಎಂಬ ಹೆಸರಿನಲ್ಲಿ ಪ್ರಕಟವಾದವು. 1898ರಲ್ಲೇ ದಂಪತಿಗಳು ಪತ್ತೆಹಚ್ಚಿದ ಮೂಲವಸ್ತುವಿಗೆ ಪೋಲೆಂಡಿನ ನೆನಪಿಗಾಗಿ 'ಪೊಲೋನಿಯಂ' ಎಂದು ಹೆಸರಿಡಲಾಯಿತು.

ಆದರೂ ವಿಜ್ಞಾನದ ಪರಿಭಾಷೆಯಲ್ಲಿ ಉಳಿದದ್ದು ಹೆಚ್ಚಾಗಿ ಪತಿಯ ಕುಲನಾಮವೇ. ವಿಕಿರಣಪಟುತ್ವದ ಹಳೆಯ ಮಾನ 'ಕ್ಯೂರಿ'. 96ನೇ ಪರಮಾಣು ಸಂಖ್ಯೆಯ ಮೂಲವಸ್ತು 'ಕ್ಯೂರಿಯಂ'. ಪಠ್ಯಪುಸ್ತಕಗಳಲ್ಲಿ 'ಮೇರಿ ಕ್ಯೂರಿ' ಅಥವಾ 'ಮೇಡಂ ಕ್ಯೂರಿ' ಎಂಬ ರೂಪವೇ ರೂಢಿಯಾಯಿತು. ತವರಿನ ಹೆಸರು ಬಿಟ್ಟುಹೋದರೆ ಅವರ ಪೋಲಿಷ್ ಮೂಲವೇ ಮರೆಯಾಗುತ್ತದೆ ಎಂಬ ಕಾರಣದಿಂದ ಪೋಲೆಂಡಿನಲ್ಲಿ ಎರಡೂ ಕುಲನಾಮಗಳನ್ನು ಸೇರಿಸಿ ಬರೆಯುವುದಕ್ಕೆ ವಿಶೇಷ ಮಹತ್ವವಿದೆ. ಐರೋಪ್ಯ ಒಕ್ಕೂಟದ ಸಂಶೋಧನಾ ವೇತನ ಯೋಜನೆಯು ಮೊದಲು ಮೇರಿ ಕ್ಯೂರಿ ಹೆಸರಿನಲ್ಲಿತ್ತು. 2014ರಲ್ಲಿ ಆರಂಭವಾದ 'ಹೊರೈಜನ್ 2020' ಕಾರ್ಯಕ್ರಮದಡಿ ಅದಕ್ಕೆ 'ಮೇರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ' ಎಂಬ ಪೂರ್ಣ ಹೆಸರು ಬಂದಿತು.

ಎರಡು ಕುಲನಾಮಗಳ ಕ್ರಮದಲ್ಲಿ ಏಕರೂಪತೆಯಿಲ್ಲ. ಲೂಬ್ಲಿನ್ ನಗರದಲ್ಲಿ 1944ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಹೆಸರಿನಲ್ಲಿ 'ಕ್ಯೂರಿ-ಸ್ಕ್ಲೊಡೊವ್ಸ್ಕಾ' ಎಂದಿದೆ. ವಾರ್ಸಾದಲ್ಲಿ 1932ರಲ್ಲಿ ತೆರೆದ ರೇಡಿಯಂ ಸಂಸ್ಥೆಯ ಉತ್ತರಾಧಿಕಾರಿಯಾದ ಕ್ಯಾನ್ಸರ್ ಸಂಸ್ಥೆಯ ಹೆಸರಿನಲ್ಲಿ 'ಸ್ಕ್ಲೊಡೊವ್ಸ್ಕಾ-ಕ್ಯೂರಿ' ಎಂದಿದೆ. ಎರಡೂ ಒಬ್ಬರನ್ನೇ ಸೂಚಿಸುತ್ತವೆ.

ಕುಲನಾಮದಿಂದ ಬಂದ ಖನಿಜನಾಮಗಳು

• ಸ್ಕ್ಲೊಡೊವ್ಸ್ಕೈಟ್: ಮೆಗ್ನೀಸಿಯಂ ಮತ್ತು ಯುರೇನಿಯಂ ಒಳಗೊಂಡ ಹಳದಿ ಬಣ್ಣದ ಸಿಲಿಕೇಟ್ ಖನಿಜ. ಕಾಂಗೋದ ಕಟಾಂಗಾ ಪ್ರದೇಶದಲ್ಲಿ ದೊರೆತ ಇದಕ್ಕೆ 1924ರಲ್ಲಿ ಈ ಹೆಸರಿಡಲಾಯಿತು.
• ಕ್ಯುಪ್ರೊಸ್ಕ್ಲೊಡೊವ್ಸ್ಕೈಟ್: ಮೆಗ್ನೀಸಿಯಂ ಬದಲು ತಾಮ್ರವನ್ನು ಹೊಂದಿರುವ ಹಸಿರು ಬಣ್ಣದ ಖನಿಜ.

ಈ ಕುಲನಾಮದ ಗಮನಾರ್ಹ ವ್ಯಕ್ತಿಗಳು

• ಯೂಜೆಫ್ ಸ್ಕ್ಲೊಡೊವ್ಸ್ಕಿ (1804–1882): ಶಿಕ್ಷಕ, ಮೇರಿ ಕ್ಯೂರಿಯವರ ಅಜ್ಜ. ಲೂಬ್ಲಿನ್‌ನಲ್ಲಿ ಅವರು ಮುಖ್ಯಸ್ಥರಾಗಿದ್ದ ಶಾಲೆಯಲ್ಲಿ ಕಾದಂಬರಿಕಾರ ಬೊಲೆಸ್ಲಾವ್ ಪ್ರುಸ್ ಓದಿದ್ದರು.
• ವ್ಲಾದಿಸ್ಲಾವ್ ಸ್ಕ್ಲೊಡೊವ್ಸ್ಕಿ (1832–1902): ಗಣಿತ ಮತ್ತು ಭೌತಶಾಸ್ತ್ರದ ಶಿಕ್ಷಕ, ಮೇರಿ ಕ್ಯೂರಿಯವರ ತಂದೆ.
• ಯೂಜೆಫ್ ಸ್ಕ್ಲೊಡೊವ್ಸ್ಕಿ (1863–1937): ವೈದ್ಯ, ಮೇರಿ ಕ್ಯೂರಿಯವರ ಅಣ್ಣ.
• ಬ್ರೊನಿಸ್ಲಾವಾ ದ್ಲುಸ್ಕಾ, ಜನ್ಮನಾಮ ಸ್ಕ್ಲೊಡೊವ್ಸ್ಕಾ (1865–1939): ವೈದ್ಯೆ, ವಾರ್ಸಾದ ರೇಡಿಯಂ ಸಂಸ್ಥೆಯ ಮೊದಲ ನಿರ್ದೇಶಕಿ.
• ಮಾರಿಯಾ ಸ್ಕ್ಲೊಡೊವ್ಸ್ಕಾ-ಕ್ಯೂರಿ (1867–1934): ಭೌತ ಮತ್ತು ರಸಾಯನ ವಿಜ್ಞಾನಿ, 1903ರಲ್ಲಿ ಭೌತಶಾಸ್ತ್ರದಲ್ಲಿ, 1911ರಲ್ಲಿ ರಸಾಯನಶಾಸ್ತ್ರದಲ್ಲಿ ನೊಬೆಲ್ ಪ್ರಶಸ್ತಿ ಪುರಸ್ಕೃತರು.