ಗುಡೇಕೋಟೆಯ ಮಗಳು, ದುರ್ಗದ ಸೊಸೆ: ಒನಕೆ ಓಬವ್ವನ ಮನೆತನ

ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನನ್ನು ನಾಡೆಲ್ಲ ದುರ್ಗದವಳೆಂದೇ ಬಲ್ಲದು. ಆದರೆ ದುರ್ಗ ಆಕೆ ಸೇರಿದ ಊರು. ತವರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಎಂಬುದು ಈ ಸೀಮೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು. ತವರು, ಕುಲ, ಕೊಟ್ಟ ಮನೆ ಮೂರನ್ನೂ ಕೂಡಿಸಿ ನೋಡಿದರೆ ಆಕೆಯ ಮನೆತನದ ಪರಿಚಯವಾಗುತ್ತದೆ.

ತವರೂರು

ಗುಡೇಕೋಟೆ ಬಂಡೆಗುಡ್ಡಗಳ ನಡುವಿನ ಊರು. ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿದ್ದು, 2021ರಲ್ಲಿ ಹೊಸದಾಗಿ ರಚನೆಯಾದ ವಿಜಯನಗರ ಜಿಲ್ಲೆಗೆ ಬಂತು. ಸುತ್ತಲಿನ ಕುರುಚಲು ಕಾಡು ಇಂದು ಕರಡಿಧಾಮ. ಗುಡ್ಡದ ಮೇಲಿನ ಕೋಟೆ ಪಾಳೆಯಗಾರರ ಕಾಲದ ಗುರುತು.

1565ರಲ್ಲಿ ವಿಜಯನಗರ ಸಾಮ್ರಾಜ್ಯ ಸೋತ ಮೇಲೆ ಈ ಬಯಲುಸೀಮೆ ಚಿತ್ರದುರ್ಗ, ಹರಪನಹಳ್ಳಿ, ರಾಯದುರ್ಗ, ಜರಿಮಲೆ, ಗುಡೇಕೋಟೆಗಳಂಥ ಪಾಳೆಯಪಟ್ಟುಗಳಲ್ಲಿ ಹಂಚಿಹೋಯಿತು. ಪ್ರತಿಯೊಂದು ಕೋಟೆಗೂ ಕಾವಲುಗಾರರು, ಕಹಳೆಯವರು, ಓಲೆಕಾರರು ಬೇಕಿದ್ದರು. ಇಂಥ ಚಾಕರಿ ಅಪ್ಪನಿಂದ ಮಗನಿಗೆ ಬರುವುದು ವಾಡಿಕೆಯಾಗಿತ್ತು.

ಹುಟ್ಟಿದ ಮನೆ

ಓಬವ್ವ ಗುಡೇಕೋಟೆಯ ಚಿನ್ನಪ್ಪ ಎಂಬುವರ ಮಗಳು ಎಂದು ಸ್ಥಳೀಯರು ಹೇಳುತ್ತಾರೆ. ಛಲವಾದಿ ಸಮುದಾಯ ಆಕೆಯನ್ನು ತನ್ನ ಕುಲದ ಹೆಣ್ಣುಮಗಳೆಂದು ಹೆಮ್ಮೆಯಿಂದ ನೆನೆಯುತ್ತದೆ. ಗಂಟೆ ಬಟ್ಟಲು ಹಿಡಿದು ಮೆರವಣಿಗೆಯ ಮುಂದೆ ನಡೆಯುವುದು ಛಲವಾದಿಗಳ ಹಳೆಯ ಹಕ್ಕು. ಸಮಾಜ ದೂರವಿಟ್ಟಿದ್ದ ಕೇರಿಯವರೇ ಊರಿನ ಶುಭಕಾರ್ಯಕ್ಕೂ ಕೋಟೆಯ ರಕ್ಷಣೆಗೂ ಮುಂದೆ ನಿಲ್ಲಬೇಕಾಗಿತ್ತು. ಓಬವ್ವನ ಧೈರ್ಯವನ್ನು ಅರಿಯಬೇಕಾದರೆ ಇದನ್ನು ಮರೆಯುವಂತಿಲ್ಲ.

ಕೊಟ್ಟ ಮನೆ

ಗಂಡ ಮುದ್ದಹನುಮ ಚಿತ್ರದುರ್ಗದ ಕೋಟೆಯ ಕಾವಲುಗಾರ. ಕಹಳೆ ಊದುವ ಕೆಲಸದಿಂದ ಕಹಳೆ ಮುದ್ದಹನುಮನೆಂದೇ ಹೆಸರಾದವನು. ಕೊನೆಯ ದೊರೆ ಮದಕರಿನಾಯಕ 1754ರಿಂದ 1779ರವರೆಗೆ ಆಳುತ್ತಿದ್ದಾಗ ಹೈದರಾಲಿಯ ಸೈನ್ಯ ದುರ್ಗವನ್ನು ಮತ್ತೆ ಮತ್ತೆ ಮುತ್ತಿತು. ಅಂಥ ಒಂದು ಮುತ್ತಿಗೆಯಲ್ಲಿ, ಗಂಡ ಊಟಕ್ಕೆ ಕೂತಾಗ ನೀರು ತರಲು ಹೊರಟ ಓಬವ್ವ ಕಿಂಡಿಯಲ್ಲಿ ನುಸುಳುತ್ತಿದ್ದ ಸೈನಿಕರನ್ನು ಕಂಡಳೆಂಬುದು ಕಥೆ. ಒಬ್ಬೊಬ್ಬರಾಗಿ ತಲೆ ತೂರಿಸಿದವರನ್ನು ಒನಕೆಯಿಂದ ಬಡಿದು ಕೆಡವಿದಳು. ಅಂದೇ ಆಕೆಯೂ ಪ್ರಾಣ ಬಿಟ್ಟಳು. ಆ ಜಾಗ ಓಬವ್ವನ ಕಿಂಡಿ. ಪಕ್ಕದಲ್ಲೇ ತಣ್ಣೀರು ದೋಣಿ.

ದೊರೆಗಳ ವಂಶಾವಳಿ

ಅದೇ ಕೋಟೆಯ ಕಾಮಗೇತಿ ವಂಶದ ದೊರೆಗಳ ಸಾಲು ಮಾತ್ರ ಸ್ಪಷ್ಟವಾಗಿದೆ. 1568ರಲ್ಲಿ ಆಳ್ವಿಕೆ ಆರಂಭಿಸಿದ ಮತ್ತಿ ತಿಮ್ಮಣ್ಣನಾಯಕನಿಂದ ಓಬಣ್ಣನಾಯಕ, ಕಸ್ತೂರಿ ರಂಗಪ್ಪನಾಯಕ, ಭರಮಣ್ಣನಾಯಕರನ್ನು ದಾಟಿ ಕೊನೆಯ ಮದಕರಿಯವರೆಗೆ ಹೆಸರು ಹಿಡಿದು ಹೇಳಬಹುದು. ದಾನ ಕೊಟ್ಟವರು, ಗುಡಿ ಕಟ್ಟಿಸಿದವರು, ಪಟ್ಟಕ್ಕೇರಿದವರು ಶಾಸನ ಮತ್ತು ಬಖೈರುಗಳಲ್ಲಿ ಉಳಿದರು. ಕೋಟೆ ಕಾದವರ ಹೆಂಡತಿಯರಿಗೆ ಅಲ್ಲಿ ಸ್ಥಳವಿರಲಿಲ್ಲ. ಓಬವ್ವನನ್ನು ಉಳಿಸಿದ್ದು ಜನರ ಬಾಯಿಮಾತು.

1779ರಲ್ಲಿ ದುರ್ಗ ಹೈದರನ ಕೈವಶವಾದಾಗ ಮದಕರಿಯನ್ನು ಕುಟುಂಬಸಮೇತ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಸಾವಿರಾರು ಬೇಡರನ್ನೂ ಊರು ಬಿಡಿಸಿ ಸಾಗಿಸಿದರು. ಮನೆತನಗಳು ಚದುರಿದರೆ ಅವುಗಳ ನೆನಪೂ ಚದುರುತ್ತದೆ.

ಕಡಲಾಚೆಯ ಒಂದು ಉದಾಹರಣೆ

ಬರಹಕ್ಕಿರುವ ಬಲ ತಿಳಿಯಲು ಆನ್ ಹಚಿನ್ಸನ್ ಬದುಕನ್ನು ನೋಡಬಹುದು. ಇಂಗ್ಲೆಂಡಿನ ಆಲ್ಫರ್ಡ್ ಊರಿನಲ್ಲಿ 1591ರ ಜುಲೈ 20ರಂದು ಆಕೆಗೆ ದೀಕ್ಷಾಸ್ನಾನವಾಯಿತು. ತಂದೆ ಪಾದ್ರಿ ಫ್ರಾನ್ಸಿಸ್ ಮಾರ್ಬರಿ, ತಾಯಿ ಬ್ರಿಜೆಟ್ ಡ್ರೈಡನ್. ಬಟ್ಟೆ ವ್ಯಾಪಾರಿ ವಿಲಿಯಂ ಹಚಿನ್ಸನ್‌ನನ್ನು ಮದುವೆಯಾಗಿ, 1634ರಲ್ಲಿ ಕುಟುಂಬದೊಂದಿಗೆ ಅಮೆರಿಕದ ಬಾಸ್ಟನ್‌ಗೆ ಹೋದಳು. ಧರ್ಮದ ವಿಚಾರದಲ್ಲಿ ಪಾದ್ರಿಗಳನ್ನು ಎದುರಿಸಿದ್ದಕ್ಕೆ ಗಡೀಪಾರಾದಳು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಕೆಯ ವಂಶದವರು.

ಇಂಗ್ಲೆಂಡಿನಲ್ಲಿ 1538ರಿಂದಲೇ ಪ್ರತಿ ಚರ್ಚು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ದಾಖಲಿಸಬೇಕೆಂಬ ಆಜ್ಞೆಯಿತ್ತು. ಹೀಗಾಗಿ ಊರು ಬಿಟ್ಟು ಹೋದ ಹೆಣ್ಣಿನ ಬೇರೂ ಹುಡುಕಿದರೆ ಸಿಗುತ್ತದೆ. ಆನ್‌ಗಿಂತ ಸುಮಾರು ಒಂದೂವರೆ ಶತಮಾನ ಈಚಿನವಳಾದ ಓಬವ್ವನಿಗೆ ಅಂಥ ಪುಸ್ತಕದ ಆಸರೆ ಇರಲಿಲ್ಲ.

ಹೆಳವರು ಮತ್ತು ಹೆಣ್ಣುಮಕ್ಕಳು

ನಮ್ಮಲ್ಲಿ ವಂಶ ಹೇಳುವವರೇ ಇರಲಿಲ್ಲವೆಂದಲ್ಲ. ಹೆಳವರು ಎತ್ತಿನೊಂದಿಗೆ ಊರೂರು ತಿರುಗಿ, ತಮ್ಮ ಪಾಲಿಗೆ ಬಂದ ಮನೆತನಗಳ ಮೂಲಪುರುಷ, ಬೆಡಗು, ಮನೆದೇವರು, ವಲಸೆ ಬಂದ ದಾರಿಗಳನ್ನು ಒಪ್ಪಿಸಿ ದವಸ, ಬಟ್ಟೆ, ಹಣ ಪಡೆಯುತ್ತಾರೆ. ಆದರೆ ಅಲ್ಲಿಯೂ ವಂಶ ಹರಿಯುವುದು ಗಂಡುಮಕ್ಕಳ ಸಾಲಿನಲ್ಲಿ. ಮದುವೆಯಾದ ಮಗಳು ಗಂಡನ ಬೆಡಗಿಗೆ ಸೇರುತ್ತಾಳೆ. ಅವಳನ್ನು ಹೆಸರಿಟ್ಟು ನೆನೆಯುವ ಹೊಣೆ ತವರಿನದಾಗುತ್ತದೆ. ಗುಡೇಕೋಟೆ ಮಾಡಿಕೊಂಡು ಬಂದಿರುವುದು ಈ ಕೆಲಸವನ್ನೇ.

ನೆನಪಿನ ವಾರಸುದಾರರು

1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಓಬವ್ವನಾಗಿ ನಟಿಸಿದ ಮೇಲೆ ಕಥೆ ಮನೆಮನೆಗೂ ತಲುಪಿತು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಆಕೆಯ ಹೆಸರಿದೆ. ರಾಜ್ಯ ಸರ್ಕಾರ 2021ರಿಂದ ನವೆಂಬರ್ 11ನ್ನು ಒನಕೆ ಓಬವ್ವ ಜಯಂತಿಯಾಗಿ ಆಚರಿಸುತ್ತಿದೆ.

ಈ ಗೌರವದಲ್ಲಿ ತವರಿಗೂ ಪಾಲು ಸಲ್ಲಬೇಕು. ಗುಡೇಕೋಟೆ ಸುತ್ತಲಿನ ಹಿರಿಯರು ಹೇಳುವ ಸಂಬಂಧ, ಬೆಡಗು, ಮನೆದೇವರ ವಿವರಗಳನ್ನು ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ ಧ್ವನಿಮುದ್ರಿಸಿ, ಶಾಲೆ ಮತ್ತು ಗ್ರಂಥಾಲಯಗಳಲ್ಲಿ ಇಡುವುದು ಇಂದಿಗೂ ಆಗುವ ಕೆಲಸ. ಕಾವಲುಗಾರನ ಹೆಂಡತಿಯ ವಂಶಾವಳಿ ದೊರೆಯ ವಂಶಾವಳಿಯಷ್ಟೇ ಈ ನಾಡಿನ ಚರಿತ್ರೆ.