ನೈಟ್ರಸ್ ಬಾಟಲಿಯನ್ನು ಬಿಸಿ ಮಾಡಿದಷ್ಟೂ ಕಾರಿನ ಪವರ್ ಹೆಚ್ಚುತ್ತದೆಯೇ?

ರೇಸ್ ಕಾರಿನ ನೈಟ್ರಸ್ ಬಾಟಲಿಗೆ ಗ್ಯಾಸ್ ಟಾರ್ಚ್‌ನಿಂದ ಬೆಂಕಿ ಹಿಡಿಯುವ ವಿಡಿಯೋಗಳನ್ನು ನೀವು ನೋಡಿರಬಹುದು. ‘ಬಾಟಲಿ ಬಿಸಿಯಾದಷ್ಟೂ ಪವರ್ ಜಾಸ್ತಿ’ ಎಂಬ ಮಾತೂ ಕೇಳಿಬರುತ್ತದೆ. ಇದು ನಿಜವೇ? ನೋಡೋಣ.

ಬಿಸಿ ಮಾಡುವುದೇಕೆ?

ನೈಟ್ರಸ್ ಆಕ್ಸೈಡ್ ಇಂಧನವಲ್ಲ. ಎಂಜಿನ್ನಿನ ಶಾಖಕ್ಕೆ ಅದು ಒಡೆದು ಆಮ್ಲಜನಕ ಕೊಡುತ್ತದೆ, ಅದರಿಂದ ಹೆಚ್ಚು ಪೆಟ್ರೋಲ್ ಉರಿಸಬಹುದು. ಬಾಟಲಿಯಲ್ಲಿ ಅದು ದ್ರವವಾಗಿರುತ್ತದೆ. ಅದನ್ನು ಎಂಜಿನ್ನಿಗೆ ತಳ್ಳುವುದು ಪಂಪ್ ಅಲ್ಲ, ಅದರದೇ ಆವಿಯ ಒತ್ತಡ. ಈ ಒತ್ತಡ ತಾಪಮಾನದ ಜೊತೆ ಬದಲಾಗುತ್ತದೆ: 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 450 ಪಿಎಸ್ಐ, 20 ಡಿಗ್ರಿಯಲ್ಲಿ ಸುಮಾರು 730, 30 ಡಿಗ್ರಿಯಲ್ಲಿ 900ಕ್ಕೂ ಹೆಚ್ಚು. ಹೋಲಿಕೆಗೆ, ಕಾರಿನ ಟೈರಿನಲ್ಲಿರುವುದು ಸುಮಾರು 30 ಪಿಎಸ್ಐ. ರೇಸರ್‌ಗಳು ಸಾಮಾನ್ಯವಾಗಿ 900ರಿಂದ 1000 ಪಿಎಸ್ಐ ಕಾಯ್ದುಕೊಳ್ಳುತ್ತಾರೆ. ಚಳಿಯಿದ್ದಾಗ ಅದಕ್ಕೆ ಹೀಟರ್ ಬೇಕು.

ಇನ್ನೂ ಬಿಸಿ ಮಾಡಿದರೆ?

ಒತ್ತಡ ಹೆಚ್ಚಾದರೆ ನೈಟ್ರಸ್ ಹೆಚ್ಚು ಹೋಗುತ್ತದೆ, ಆದರೆ ಅದಕ್ಕೆಂದು ಅಳೆದಿಟ್ಟ ಪೆಟ್ರೋಲ್ ಹೆಚ್ಚುವುದಿಲ್ಲ. ಆಗ ಎಂಜಿನ್ ವಿಪರೀತ ಕಾದು, ನಾಕಿಂಗ್ ಶುರುವಾಗಿ, ಪಿಸ್ಟನ್ ಕರಗಬಹುದು. ಒತ್ತಡ ಕಡಿಮೆಯಾದರೆ ಪೆಟ್ರೋಲ್ ಮಿಕ್ಕಿ ಪವರ್ ಇಳಿಯುತ್ತದೆ. ಹಾಗಾಗಿ ಹೀಟರ್ ಇರುವುದು ಒತ್ತಡವನ್ನು ಏರಿಸುತ್ತಾ ಹೋಗಲು ಅಲ್ಲ, ಒಂದೇ ಮಟ್ಟದಲ್ಲಿ ಇಡಲು.

ಇನ್ನೊಂದು ಅಪಾಯವಿದೆ. 36.4 ಡಿಗ್ರಿ ದಾಟಿದ ಮೇಲೆ ನೈಟ್ರಸ್ ದ್ರವವಾಗಿ ಉಳಿಯುವುದಿಲ್ಲ. ತುಂಬಿದ ಬಾಟಲಿಯಲ್ಲಿ ಒತ್ತಡ ಒಮ್ಮೆಲೇ ಏರತೊಡಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಈ ತಾಪಮಾನ ಸುಲಭವಾಗಿ ಬರುತ್ತದೆ. ಒತ್ತಡ ಮಿತಿಮೀರಿದರೆ ಗ್ಯಾಸನ್ನು ಹೊರಬಿಡಲು ಬಾಟಲಿಯಲ್ಲಿ ಒಂದು ಸುರಕ್ಷತಾ ಬಿಲ್ಲೆ ಇರುತ್ತದೆ. ಆದರೆ ಟಾರ್ಚ್‌ನ ಉರಿ ಒಂದೇ ಕಡೆ ಬಿದ್ದರೆ ಅಲ್ಲಿನ ಅಲ್ಯುಮಿನಿಯಂ ಬಲ ಕಳೆದುಕೊಂಡು, ಆ ಬಿಲ್ಲೆ ಒಡೆಯುವ ಮೊದಲೇ ಬಾಟಲಿ ಸಿಡಿಯಬಹುದು.

ಸರಿಯಾದ ವಿಧಾನ ಯಾವುದು?

ಬಾಟಲಿಗೆ ಸುತ್ತುವ ವಿದ್ಯುತ್ ಹೀಟರ್ ಮತ್ತು ಅದನ್ನು ತಾನಾಗಿ ಆಫ್ ಮಾಡುವ ವ್ಯವಸ್ಥೆ. ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮವೂ ಇದನ್ನೇ ಹೇಳುತ್ತದೆ: ಥರ್ಮೋಸ್ಟಾಟ್ ಇರುವ, ಮಾರುಕಟ್ಟೆಯಲ್ಲಿ ಸಿಗುವ ಹೊದಿಕೆ ಹೀಟರ್‌ಗೆ ಮಾತ್ರ ಅನುಮತಿ. ಕೆಲವರು ಇದರ ಜೊತೆ ಪ್ರೆಶರ್ ಸ್ವಿಚ್ಚನ್ನೂ ಬಳಸುತ್ತಾರೆ. ಆ ಸ್ವಿಚ್ ಬಾಟಲಿಯ ವಾಲ್ವ್‌ನ ಆಚೆ, ಪೈಪಿನಲ್ಲಿದ್ದರೆ ಒಂದು ಎಚ್ಚರಿಕೆ ಬೇಕು. ವಾಲ್ವ್ ಮುಚ್ಚಿದ್ದಾಗ ಅದಕ್ಕೆ ಬಾಟಲಿಯ ಒತ್ತಡ ತಿಳಿಯದು, ಹೀಟರ್ ಕಾಯುತ್ತಲೇ ಇರುತ್ತದೆ.

ನಮ್ಮ ತೀರ್ಮಾನ: ‘ಬಿಸಿಯಾದಷ್ಟೂ ಪವರ್’ ಎಂಬುದು ತಪ್ಪು, ಅಪಾಯಕಾರಿ ಕೂಡ. ಟಾರ್ಚ್ ಹಿಡಿದ ವಿಡಿಯೋ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಕಾರಣ ತಿಳಿಸಿ.