ಕೇಳುವ ಪೆಟ್ಟಿಗೆಯೂ ಕೂಗುತ್ತದೆ

ರೇಡಿಯೋ ಅಂದ್ರೆ ಬರೀ ಕೇಳಿಸಿಕೊಳ್ಳುವ ಪೆಟ್ಟಿಗೆ ಅಂದುಕೊಂಡಿದ್ದೀರಾ? ಅದೂ ಮೆಲ್ಲಗೆ ಕೂಗುತ್ತಿರುತ್ತೆ! 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಕೇಳಿಸುತ್ತಿದ್ದ ಟ್ರಾನ್ಸಿಸ್ಟರ್ ನೆನಪಿದೆಯಲ್ಲ, ಅಂಥ ಸೆಟ್ಟಿನೊಳಗಿನ ಆಸಿಲೇಟರ್ 612ಕ್ಕೆ 455 ಸೇರಿಸಿ 1067ರಲ್ಲಿ ತನ್ನದೇ ಒಂದು ಅಲೆ ಹುಟ್ಟಿಸುತ್ತೆ. ಎರಡೂ ಬೆರೆತಾಗ ಸಿಗುವ 455ನ್ನೇ ರೇಡಿಯೋ ಹಿಗ್ಗಿಸುವುದು. ಆದರೆ ಆ ಅಲೆ ಒಂದಿಷ್ಟು ಹೊರಗೂ ಸೋರುತ್ತೆ.

1920ರ ದಶಕದ ಬ್ರಿಟನ್ನಿನಲ್ಲಿ ಇದು ಬೀದಿಜಗಳದ ವಿಷಯ. ಆಗಿನ ಸೆಟ್ಟುಗಳಲ್ಲಿ ವಾಲ್ವಿನಿಂದ ಹೊರಬಂದ ಸಿಗ್ನಲ್ಲನ್ನೇ ಸ್ವಲ್ಪ ಹಿಂದಕ್ಕೆ ಉಣಿಸಿ ಬಲ ಹೆಚ್ಚಿಸುತ್ತಿದ್ದರು. ಗುಂಡಿ ತುಸು ಜಾಸ್ತಿ ತಿರುಗಿಸಿದರೆ ಮುಗಿಯಿತು, ಸೆಟ್ಟೇ ಪುಟ್ಟ ಪ್ರಸಾರ ಕೇಂದ್ರ. ಅಕ್ಕಪಕ್ಕದವರ ರೇಡಿಯೋದಲ್ಲೆಲ್ಲ ಕೀರಲು ಸದ್ದು. ಏರಿಯಲ್‌ಗೂ ಆಸಿಲೇಟರ್‌ಗೂ ನಡುವೆ ಇನ್ನೊಂದು ವಾಲ್ವ್ ಇಡುವುದು, ಸುತ್ತ ಲೋಹದ ಡಬ್ಬಿ ಹಾಕುವುದು ಆಗ ಕಂಡುಕೊಂಡ ಉಪಾಯಗಳು. ಹ್ಯಾಮ್‌ಗಳು ಇವತ್ತಿಗೂ ಮಾಡುವುದು ಹೆಚ್ಚುಕಮ್ಮಿ ಇದನ್ನೇ.

ಯುದ್ಧದಲ್ಲಿ ಮಾತ್ರ ಈ ಸೋರಿಕೆ ಪ್ರಾಣದ ಪ್ರಶ್ನೆಯಾಯಿತು. ಬ್ರಿಟಿಷ್ ವಿಮಾನಗಳ ರಡಾರ್ ಹತ್ತಿರ ಬಂದರೆ ಎಚ್ಚರಿಸಲಿ ಅಂತ ಜರ್ಮನ್ನರು 1942ರಲ್ಲಿ ತಮ್ಮ ಜಲಾಂತರ್ಗಾಮಿಗಳಿಗೆ 'ಮೆಟಾಕ್ಸ್' ಎಂಬ ರಿಸೀವರ್ ಕೊಟ್ಟರು. ಸುಮಾರು ಒಂದೂವರೆ ಮೀಟರ್ ಅಲೆಯ ರಡಾರನ್ನು ಅದು ಚೆನ್ನಾಗಿಯೇ ಹಿಡಿಯುತ್ತಿತ್ತು. 1943ರಲ್ಲಿ ಬ್ರಿಟಿಷರು 10 ಸೆಂಟಿಮೀಟರ್ ಅಲೆಗೆ ಜಿಗಿದರು. ಮೆಟಾಕ್ಸ್ ಕಿವುಡಾಯಿತು. ಆ ಮೇ ಒಂದರಲ್ಲೇ 41 ಜಲಾಂತರ್ಗಾಮಿಗಳು ಹೋದವು.

ಅಷ್ಟರಲ್ಲಿ ಸೆರೆಸಿಕ್ಕ ಬ್ರಿಟಿಷ್ ಪೈಲಟ್ ಒಬ್ಬ, ನಾವು ನಿಮ್ಮ ಮೆಟಾಕ್ಸ್‌ನ ಸೋರಿಕೆಯನ್ನೇ ಹಿಡಿದು ಬರ್ತೀವಿ ಅಂದನಂತೆ. ಪರೀಕ್ಷಿಸಿದರೆ ಸೋರಿಕೆ ನಿಜ! ನೋಡಿ, ಇಲ್ಲೇ ಇರುವುದು ಸ್ವಾರಸ್ಯ. ಬರೀ ಸುಳ್ಳಾಗಿದ್ದರೆ ನಂಬುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಮೆಟಾಕ್ಸ್ ಬಳಸಕೂಡದು ಅಂತ ಆಜ್ಞೆ ಹೊರಟಿತು. ಕಡಿಮೆ ಸೋರುವ 'ವಾಂಜೆ' ಬಂತು. ಅದೂ 10 ಸೆಂಟಿಮೀಟರನ್ನು ಕೇಳುತ್ತಿರಲಿಲ್ಲ. ಬ್ರಿಟಿಷರ ರಡಾರ್ ಫೆಬ್ರವರಿಯಲ್ಲೇ ರಾಟರ್‌ಡ್ಯಾಮ್ ಬಳಿ ಬಿದ್ದ ವಿಮಾನದಲ್ಲಿ ಅವರ ಕೈಗೆ ಸಿಕ್ಕಿತ್ತು. ಅವರ ಎನಿಗ್ಮಾ ಸಂಕೇತಗಳನ್ನು ಶತ್ರು ಓದುತ್ತಿದ್ದಾನೆಂಬ ಗುಮಾನಿ ಎದ್ದರೂ ಅದನ್ನು ತಳ್ಳಿಹಾಕಿದರು. ಎಂಜಿನಿಯರುಗಳು ಸೋರಿಕೆಯನ್ನೇನೋ ಸರಿಯಾಗಿಯೇ ನಿಲ್ಲಿಸಿದರು. ಆದರೆ ನಾವಿಕರನ್ನು ಕೊಲ್ಲುತ್ತಿದ್ದದ್ದು ಅದಾಗಿರಲಿಲ್ಲ.

ಆ ಪೈಲಟ್ ಹೇಳಿದ ತಂತ್ರವನ್ನು ಬ್ರಿಟಿಷರು ನಿಜವಾಗಿ ಬಳಸಿದ್ದು ಆಮೇಲೆ. 1958ರ ಹೊತ್ತಿಗೆ ಎಂಐ5, ಸೋವಿಯತ್ ಗೂಢಚಾರರು ಕದ್ದು ಕೇಳುತ್ತಿದ್ದ ರೇಡಿಯೋಗಳನ್ನು ಅವುಗಳ ಆಸಿಲೇಟರ್ ಸೋರಿಕೆಯಿಂದಲೇ ಹುಡುಕಲು ಹೊರಟಿತು. ಕಾರ್ಯಾಚರಣೆಗೆ ಇಟ್ಟ ಹೆಸರು ರಾಫ್ಟರ್.